ಟವೆಲಿನೊಳಗೆ ಕೈ, ಗೋಡೆಯ ಮೇಲೆ ಎಮ್ಮೆ

ನಮ್ಮ ಮನೆಯ ಗೋಡೆಯ ಮೇಲಿರುವ ಎಮ್ಮೆಗೆ ಒಂಬತ್ತು ಸಾವಿರ ರೂಪಾಯಿ ಬಿದ್ದಿದೆ. ಅದು ಹಾಲು ಕೊಡುವುದಿಲ್ಲ, ಸಗಣಿ ಹಾಕುವುದಿಲ್ಲ, ಹಿಂಗಾಲು ಎರಡೂ ಇಲ್ಲ. ದನದ ವ್ಯಾಪಾರ ಮಾಡಿಯೇ ಚಿಂತಾಮಣಿಯಲ್ಲಿ ಸೈಟು ಕೊಂಡು ಮನೆ ಕಟ್ಟಿದವನು ನಾನು. ಹೇಳಿದ ಬೆಲೆಗೆ ಕರುವಿನ ಹಗ್ಗವನ್ನೂ ಕೊಂಡವನಲ್ಲ. ಅಂಥವನ ಮನೆಗೆ ಅರ್ಧ ಎಮ್ಮೆ ಪೂರ್ತಿ ಬೆಲೆಗೆ ಹೇಗೆ ಬಂತು ಎಂದು ಬಂದ ನೆಂಟರೆಲ್ಲ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿಸಿಕೊಳ್ಳುವುದಕ್ಕಿಂತ ಬರೆದಿಡುವುದೇ ವಾಸಿ.

ವರ್ಷದ ಕೊನೆಯ ರಜೆಯಲ್ಲಿ ನಮ್ಮ ಕಡೆಯ ಚಿತ್ರಕಾರರೆಲ್ಲ ಸೇರಿ ತಾವು ಕೆಲಸ ಮಾಡುವ ಜಾಗಗಳನ್ನೇ ಜನರಿಗೆ ತೆರೆದಿಟ್ಟಿದ್ದರು. ಯಾರು ಬೇಕಾದರೂ ಒಳಗೆ ಹೋಗಬಹುದು, ಟೀ ಕುಡಿಯಬಹುದು, ಮನಸ್ಸಾದರೆ ಕೊಳ್ಳಬಹುದು. ದಿಬ್ಬೂರಹಳ್ಳಿಯ ಮುನಿರಾಜು ಎಂಬ ಚಿತ್ರಕಾರ ತನ್ನ ತಾತ ರೇಷ್ಮೆಹುಳು ಸಾಕುತ್ತಿದ್ದ ಮನೆಗೆ ಸುಣ್ಣ ಹೊಡೆಸಿ, ಗೋಡೆ ತುಂಬ ಚಿತ್ರ ತೂಗುಹಾಕಿದ್ದ. ಅಲ್ಲಿ ಈ ಎಮ್ಮೆಯನ್ನು ಕಂಡದ್ದೇ ನನ್ನ ಹೆಂಡತಿ ರತ್ನಮ್ಮ ಕಾಲು ಕೀಳಲಿಲ್ಲ. ಅವಳ ತವರಿನಲ್ಲಿದ್ದ ಎಮ್ಮೆಯ ಮುಖವೇ ಅಂತೆ.

"ರೀ, ಇದಿಲ್ದೆ ನಾನು ಮನೆಗೆ ಬರಲ್ಲ" ಅಂದಳು, ಮಾರುವವನ ಎದುರಿಗೇ. ಕೊಳ್ಳುವವರು ಹೀಗೆ ಆಸೆ ತೋರಿಸಿಬಿಟ್ಟರೆ ಬೆಲೆ ಇಳಿಯುವುದುಂಟೇ? ವ್ಯಾಪಾರ ಮುಗಿಯುವ ತನಕ ಆಚೆ ಹೋಗಿ ಮುನಿರಾಜುವಿನ ತಾಯಿಯ ಹತ್ತಿರ ಕೂತಿರು ಎಂದು ಅವಳನ್ನು ಸಾಗಹಾಕಿದೆ.

ಆಮೇಲೆ ಎಮ್ಮೆಯನ್ನು ಕ್ರಮವಾಗಿ ನೋಡಿದೆ. ಹಲ್ಲು ಕಾಣುತ್ತಿರಲಿಲ್ಲ. ಲಕ್ಷಣ ಹೇಳುವ ಸುಳಿ ಎಲ್ಲಿದೆಯೋ ಬಣ್ಣದಲ್ಲಿ ಮುಚ್ಚಿಹೋಗಿತ್ತು. ಚಿತ್ರವನ್ನು ತಿರುಗಿಸಿ ಹಿಂದುಗಡೆಯೂ ನೋಡಿದೆ, ಬರೀ ಬಟ್ಟೆ.

"ಹಿಂಗಾಲು ಎಲ್ಲಪ್ಪಾ?"

"ಚೌಕಟ್ಟಿನ ಆಚೆ ಇದೆ ಅಣ್ಣಾ."

"ಆಚೆ ಇರೋದನ್ನ ಆಚೆಯವರಿಗೇ ಮಾರ್ಕೋ. ಒಳಗಿರೋದು ಅರ್ಧ, ನನಗೆ ಅರ್ಧ ಬೆಲೆಗೆ ಕೊಡು."

ಅವನು ನಕ್ಕು, ನಮ್ಮ ತಾಯಿ ಕಡೆಯ ತಾತನೂ ದನದ ವ್ಯಾಪಾರದವರೇ ಅಣ್ಣಾ ಎನ್ನುತ್ತ ಕೈ ಚಾಚಿದ. ನನಗೆ ಜೀವ ಬಂದ ಹಾಗಾಯಿತು. ದನದ ಸಂತೆಯಲ್ಲಿ ನಾವು ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲು ಹೊದಿಸಿ, ಒಳಗೊಳಗೇ ಬೆರಳು ಹಿಡಿದು ಹೇಳುತ್ತೇವೆ. ಹಿಡಿದ ಬೆರಳೆಷ್ಟೋ ಅಷ್ಟು ಸಾವಿರ, ಐದು ದಾಟಿದರೆ ಎರಡನೇ ಸಲ ಹಿಡಿಯುವುದು, ಮಡಿಸಿದ ಬೆರಳು ಅರ್ಧ. ಮೊದಲು ಕೈ ಎಳೆದುಕೊಂಡವನು ಸೋತ ಹಾಗೆ. ಹೆಗಲ ಮೇಲಿನ ಟವೆಲು ಹಾಕಿ ಶುರು ಮಾಡಿದೆವು.

ಅಷ್ಟರಲ್ಲಿ ಬೆಂಗಳೂರಿನಿಂದ ಒಂದು ವ್ಯಾನಿನ ತುಂಬ ಕಲಾರಸಿಕರು ಬಂದಿಳಿದರು. ಬಂದವರು ಎಮ್ಮೆಯನ್ನು ನೋಡಲಿಲ್ಲ, ನಮ್ಮ ಸುತ್ತ ನಿಂತರು. ಇಬ್ಬರು ಗಂಡಸರು ಟವೆಲಿನಡಿ ಕೈ ಹಿಡಿದುಕೊಂಡು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದದ್ದು ಅವರಿಗೆ ದೊಡ್ಡ ಕಲಾಕೃತಿಯಾಗಿ ಕಂಡಿತು. ಕನ್ನಡಕದ ಹೆಂಗಸೊಬ್ಬರು ಪಕ್ಕದವರಿಗೆ, ಕೈ ಕಾಣಿಸದೆ ಇರುವುದರಲ್ಲೇ ಅರ್ಥವಿದೆ ಎಂದು ಪಿಸುಗುಟ್ಟಿದರು. ಅರ್ಥ ಇತ್ತು, ನಾಲ್ಕೂವರೆ ಸಾವಿರ. ಆದರೆ ಬಾಯಿಬಿಟ್ಟು ಹೇಳುವ ಹಾಗಿಲ್ಲ, ಕೈ ತೆಗೆಯುವ ಹಾಗೂ ಇಲ್ಲ. ಪ್ರದರ್ಶನದ ಉಸ್ತುವಾರಿಯವನು ಬಂದು ನೋಡಿ, ತನಗೆ ತಿಳಿಯದೆ ಯಾವುದೋ ಕೃತಿ ಸೇರಿಕೊಂಡಿದೆ ಎಂದು ಗಾಬರಿಯಾಗಿ, ಒಂದು ಚೀಟಿ ಬರೆದು ನಮ್ಮ ಕಾಲ ಹತ್ತಿರ ಇಟ್ಟ. 'ಹೆಸರು: ಟವೆಲು. ಮಾಧ್ಯಮ: ಇಬ್ಬರು ಗಂಡಸರು. ಮಾರಾಟಕ್ಕಿಲ್ಲ.' ನನ್ನ ಇಡೀ ಜೀವಮಾನದಲ್ಲಿ ನನ್ನನ್ನು ಯಾರೂ ಮಾರಾಟಕ್ಕಿಲ್ಲ ಎಂದು ಗೌರವಿಸಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡೆ.

ಮುನಿರಾಜು ಒಂಬತ್ತರಿಂದ ಎಂಟಕ್ಕೆ ಇಳಿದ, ಅಲ್ಲೇ ಕೂತ. ಮಧ್ಯೆ ಅವನ ಜೇಬಿನಲ್ಲಿ ಫೋನು ಒಮ್ಮೆ ಟಿಂಗ್ ಎಂದಿತು. ಅವನು ಇನ್ನೊಂದು ಕೈಯಲ್ಲಿ ಅದನ್ನು ಅರ್ಧ ಎಳೆದು ನೋಡಿದ. ಅಲ್ಲಿಂದ ಬೆರಳು ಸಡಿಲವಾಯಿತು. ಏಳು, ಆರು, ಐದು. ನನ್ನ ಹಿಡಿತಕ್ಕೆ ಬೆದರಿದ ಎಂದುಕೊಂಡೆ. ಕೊನೆಗೆ ನಾಲ್ಕು ಬೆರಳು ಹಿಡಿದು ಇನ್ನೊಂದನ್ನು ಮಡಿಸಿದ. ನಾನು ಟವೆಲನ್ನು ಕೊಡವಿ ಎತ್ತಿದೆ. ಜನ ಚಪ್ಪಾಳೆ ತಟ್ಟಿದರು. ಗೆಲುವಿನ ಮುಖ ಹೊತ್ತು ಎಮ್ಮೆಯ ಕಡೆ ತಿರುಗಿದರೆ, ಗೋಡೆಯಲ್ಲಿ ಮೊಳೆ ಮಾತ್ರ ಇತ್ತು.

ಬಾಗಿಲಲ್ಲಿ ರತ್ನಮ್ಮ ನಿಂತಿದ್ದಳು, ಹಳೆ ಸೀರೆಯಲ್ಲಿ ಸುತ್ತಿದ ಎಮ್ಮೆಯನ್ನು ಕಂಕುಳಲ್ಲಿ ಅವುಚಿಕೊಂಡು. ಆ ಗುಂಪಿನಲ್ಲಿ ಒಬ್ಬರು ಅದರ ಬೆಲೆ ವಿಚಾರಿಸಿದ್ದು ಕಿವಿಗೆ ಬಿದ್ದದ್ದೇ, ಮುನಿರಾಜುವಿನ ತಾಯಿಗೆ ಹೇಳಿ, ಅವನ ಫೋನಿಗೆ ಪೂರ್ತಿ ದುಡ್ಡು ಕಳಿಸಿಬಿಟ್ಟಿದ್ದಳಂತೆ. "ನಿಮ್ ಕೈ ಆಚೆ ಬರೋ ಹೊತ್ಗೆ ನಮ್ಮೆಮ್ಮೆ ಬೆಂಗಳೂರು ಸೇರಿರೋದು" ಅಂದಳು.

ದುಡ್ಡು ಬಂದದ್ದು ಗೊತ್ತಿದ್ದೂ ಅಷ್ಟು ಹೊತ್ತು ಯಾಕಪ್ಪ ಚೌಕಾಸಿ ಮಾಡಿದೆ ಎಂದು ಮುನಿರಾಜುವನ್ನು ಕೇಳಿದೆ.

"ಜನ ನೋಡ್ತಿದ್ರಲ್ಲಣ್ಣಾ. ಮಧ್ಯದಲ್ಲಿ ಎದ್ಬಿಟ್ರೆ ನಿಮ್ಗೇ ಅವಮಾನ."

ಆದ್ದರಿಂದ ಓದುಗರಲ್ಲಿ ಅರಿಕೆ. ಚಿತ್ರಕಾರರ ಮನೆಗೆ ಹೋಗುವಾಗ ಟವೆಲು ಬಿಟ್ಟು ಹೋಗಿ. ಹೆಂಡತಿಯನ್ನು ಆಚೆ ಕೂರಿಸುವುದಾದರೆ ಫೋನನ್ನು ಈಚೆ ಇಟ್ಟುಕೊಳ್ಳಿ. ಟೀ ಕೊಟ್ಟರೆ ಎರಡನೇ ಲೋಟವನ್ನೂ ಕೇಳಿ, ಬೆಲೆಯಲ್ಲಿ ಬಿಡದಿದ್ದದ್ದು ಅಲ್ಲಾದರೂ ಗಿಟ್ಟುತ್ತದೆ. ಯಾರಾದರೂ ನಿಮ್ಮನ್ನೇ ಕಲಾಕೃತಿ ಮಾಡಿದರೆ ದರ ಮೊದಲೇ ಮಾತಾಡಿಕೊಳ್ಳಿ. ಮುಂದಿನ ವರ್ಷ ಟವೆಲಿನ ಸಮೇತ ಬರಬೇಕೆಂದು ಆ ಉಸ್ತುವಾರಿಯವನು ಈಗಲೇ ಕರೆದಿದ್ದಾನೆ. ಬಸ್ ಚಾರ್ಜು, ಎರಡು ಹೊತ್ತು ಊಟ ಕೇಳಿದೆ. ಒಂದೇ ಮಾತಿಗೆ ಒಪ್ಪಿಕೊಂಡ. ಅಂದಿನಿಂದ ನನಗೆ ನಿದ್ದೆ ಇಲ್ಲ, ಬಹಳ ಕಡಿಮೆಗೆ ಹೋಗಿಬಿಟ್ಟೆ.