ಕೆಂಪು ಗೆರೆಗಿಂತ ಮೇಲಿನ ಕೋಣೆ

ನೆರೆ ನಿಯಮ ಎನ್ನುವುದನ್ನು ನಾನು ಮೊದಲು ಕೇಳಿದ್ದು ಬರ್ನೀಸಳ ಬ್ಯೂಟಿ ಪಾರ್ಲರಿನಲ್ಲಿ, ತಲೆತುಂಬ ಸುರುಳಿ ಸುತ್ತಿಕೊಂಡು ಬಿಸಿಗಾಳಿಯ ದೊಡ್ಡ ಟೋಪಿಯ ಕೆಳಗೆ ಕುಳಿತಿದ್ದಾಗ. ಆ ಟೋಪಿಯೊಳಗೆ ತಲೆಯಿಟ್ಟವರಿಗೆ ತಮ್ಮ ದನಿ ತಮಗೇ ಕೇಳುವುದಿಲ್ಲ. ಪಿಸುಗುಟ್ಟುತ್ತಿದ್ದೇವೆ ಅಂದುಕೊಂಡು ಕಿರುಚುತ್ತಾರೆ. ನಮ್ಮ ಹ್ಯಾರೋ ಲ್ಯಾಂಡಿಂಗ್ ಊರಿನ ಗುಟ್ಟುಗಳೆಲ್ಲ ಹೊರಬೀಳುವುದೇ ಹೀಗೆ. ಅವತ್ತು ಪಕ್ಕದ ಟೋಪಿಯ ಕೆಳಗಿದ್ದವಳು ಮಾರ್ಲಿಸ್, ಊರ ಕಚೇರಿಯ ಗುಮಾಸ್ತೆ. (ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವವಳೂ ಅವಳೇ. ನಮ್ಮೂರಲ್ಲಿ ಜನ ಕಡಿಮೆ, ಕೆಲಸ ಜಾಸ್ತಿ.)

"ಇನ್ನೂ ಯಾರಿಗೂ ಹೇಳ್ಬೇಡಿ," ಎಂದು ಅವಳು ಬೀದಿಗೆಲ್ಲ ಕೇಳುವಂತೆ ಗುಟ್ಟು ಹೇಳಿದಳು. "ಹೊಸ ನೆರೆ ನಕ್ಷೆ ಬಂದಿದೆ. ಬೇಸಿಗೆ ಮುಗಿಯೋದ್ರೊಳಗೆ ಮನೆ ಕಟ್ಟೋ ನಿಯಮಾನ ಅದಕ್ಕೆ ತಕ್ಕ ಹಾಗೆ ಬದಲಾಯಿಸ್ಲಿಲ್ಲ ಅಂದ್ರೆ ನಮ್ಮೂರಿಗೆ ನೆರೆ ವಿಮೇನೇ ಇಲ್ಲ! ಒಂದು ಮನೆಗೂ ಇಲ್ಲ!"

"ವಿಮೆ ಇಲ್ದಿದ್ರೆ ಬ್ಯಾಂಕಿನೋರು ಸಾಲ ಕೊಡ್ತಾರಾ?" ಎಂದು ನಾನೂ ಕಿರುಚಿದೆ.

"ನದಿ ದಂಡೇಲಿರೋ ಮನೆಗಾ? ಕನಸಲ್ಲಿ!"

ನಾನು ಟೋಪಿಯಿಂದ ತಲೆ ಹೊರಗೆ ಎಳೆದುಕೊಂಡೆ. ಯಾಕೆಂದರೆ ಅದೇ ವಾರ ನಾನು ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದ್ದೆ. ಆ ಸಾಲದ ಮೇಲೆ ನನ್ನ ಉಳಿದ ಆಯುಷ್ಯದ ನೆಮ್ಮದಿಯೆಲ್ಲ ನಿಂತಿತ್ತು. ಆ ನೆಮ್ಮದಿಗೆ ಅಡ್ಡವಾಗಿ ಕುಳಿತಿದ್ದವಳ ಹೆಸರು ಓಪಲ್.

ಓಪಲ್ ನನ್ನ ತೀರಿಹೋದ ಗಂಡ ಎಮೆಟ್‌ನ ಅಕ್ಕ. ಮಂಡಿಯ ಆಪರೇಷನ್ ಆದಮೇಲೆ "ಎರಡು ವಾರ ಇದ್ದು ಹೋಗ್ತೀನಿ ಕಣೇ" ಅಂತ ಬಂದಳು. ಆ ಎರಡು ವಾರ ಐದನೆಯ ವರ್ಷಕ್ಕೆ ಕಾಲಿಟ್ಟಿತ್ತು. ನಮ್ಮದು ಒಂದೇ ಮಲಗುವ ಕೋಣೆಯ ಪುಟ್ಟ ಮನೆ. ಹಾಗಾಗಿ ಓಪಲ್ ಮಹಾರಾಣಿಯವರ ಸಿಂಹಾಸನ, ಶಯ್ಯಾಗೃಹ, ಭೋಜನಶಾಲೆ ಎಲ್ಲವೂ ನನ್ನ ಹಜಾರದ ಸೋಫಾ. ಬೆಳಗಿನಿಂದ ಟಿ.ವಿ.ಯಲ್ಲಿ ಬಹುಮಾನದ ಆಟ. ನನ್ನ ಹಜಾರದಲ್ಲಿ ನಾನು ಕೂರಬೇಕಾದರೆ ಅವಳ ಕಾಲು ಎತ್ತಿ ಆಚೆ ಇಡಬೇಕು. ಆದ್ದರಿಂದ ನನಗೊಂದು ಬ್ರಹ್ಮಾಂಡ ಉಪಾಯ ಹೊಳೆದಿತ್ತು: ಅಡುಗೆಮನೆಯ ಹಿಂದೆ ಒಂದು ಕೋಣೆ ಕಟ್ಟಿಸುವುದು. ಮೆಟ್ಟಿಲಿಲ್ಲದ, ನೆಲಕ್ಕೆ ಸಮನಾದ ಕೋಣೆ. ಅವಳ ಮಂಡಿಗೂ ಸುಖ, ನನ್ನ ಹಜಾರಕ್ಕೂ ಬಿಡುಗಡೆ.

ಮನೆಗೆ ಬಂದು ವಿಷಯ ಹೇಳಿದೆ.

"ನೀನು ಎಷ್ಟನೇ ಕ್ಲಾಸ್ ಓದಿದ್ದೀಯಾ?" ಎಂದಳು ಓಪಲ್, ಟಿ.ವಿ.ಯಿಂದ ಕಣ್ಣು ಕೀಳದೆ.

"ನಿಂಗೊತ್ತಲ್ಲ. ಆರು."

"ಆರನೇ ಕ್ಲಾಸ್ ಓದಿದೋಳು ಸರ್ಕಾರದ ನಕ್ಷೆ ಬಗ್ಗೆ ಮಾತಾಡೋಕೆ ಹೊರಟಿದ್ದೀಯಾ?"

"ಓದು ಇಲ್ದಿದ್ರೇನು, ನನ್ನ ಜ್ಞಾಪಕಶಕ್ತಿ ಇದೆಯಲ್ಲ!"

ಇದು ಜಂಭವಲ್ಲ. ಎಪ್ಪತ್ಮೂರರ ಮಹಾನೆರೆಯಲ್ಲಿ ಯಾರ ಯಾರ ಕೋಳಿಗೂಡು ತೇಲಿಹೋಯಿತು, ಪಾದ್ರಿಯವರನ್ನು ದೋಣಿಗೆ ಇಳಿಸಿಕೊಂಡಾಗ ಅವರ ಕಾಲಲ್ಲಿ ಯಾವ ಬಣ್ಣದ ಕಾಲುಚೀಲವಿತ್ತು (ಒಂದು ಕಂದು, ಒಂದು ನೀಲಿ), ಎಲ್ಲವನ್ನೂ ನಾನು ಇವತ್ತಿಗೂ ಹೇಳಬಲ್ಲೆ. ಊರಿನವರು ಹಳೆಯ ಸಂಗತಿಗೆ ಜಗಳವಾಡಿದರೆ ಕೊನೆಗೆ ಬರುವುದು ನನ್ನ ಬಾಗಿಲಿಗೇ.

ನಿಯಮಗಳು ಹೇಗಿರುತ್ತವೆ ಎಂದು ತಿಳಿಯದೆ ನನಗೆ ನಿದ್ದೆ ಬರಲಿಲ್ಲ. ಮಾರನೆಯ ದಿನವೇ ರೂಬಾರ್ಬ್ ಪೈ ಹಿಡಿದುಕೊಂಡು ಮಾರ್ಲಿಸಳ ಕಚೇರಿಗೆ ಹೋದೆ. ಅವಳು ತಿನ್ನುತ್ತ ಬಿಡಿಸಿ ಹೇಳಿದಳು: ನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆ ಎಲ್ಲಿಯವರೆಗೆ ಏರುತ್ತದೆ ಎಂದು ನಕ್ಷೆಯಲ್ಲಿ ಗುರುತಿದೆ. ಇನ್ನುಮುಂದೆ ಕಟ್ಟುವ ಯಾವ ಕೋಣೆಯ ನೆಲವೂ ಅದಕ್ಕಿಂತ ಮೇಲಿರಬೇಕು. ಅಳತೆಯವರು ಆಗಲೇ ಊರ ಕಂಬಗಳಿಗೆಲ್ಲ ಕಿತ್ತಲೆ ಬಣ್ಣದ ಪಟ್ಟಿ ಕಟ್ಟಿಹೋಗಿದ್ದರು. ನಮ್ಮ ಹಿತ್ತಲ ಕಂಬದ ಪಟ್ಟಿ ನನ್ನ ಪಾದದ ಗಂಟಿನ ಹತ್ತಿರವಿತ್ತು. ಪಾದದ ಗಂಟು! ಅಷ್ಟಕ್ಕೆ ಒಂದು ಹಲಗೆ ಹಾಕಿದರೆ ಓಪಲ್ ಜಾರಿಕೊಂಡೇ ಒಳಗೆ ಹೋಗುತ್ತಾಳೆ. ನಾನು ಆ ಪಟ್ಟಿಗೆ ಕೈಮುಗಿಯುವುದೊಂದು ಬಾಕಿ.

ತೊಂದರೆಯಿದ್ದದ್ದು ಊರ ಮಂಡಳಿಯ ಗಂಡಸರಿಂದ. ಅವರ ಮುಂದಾಳು ಓರಿನ್, ನದಿ ಬದಿಯ ಬಾರಿನ ಮಾಲೀಕ. ಅವನ ಬಾರಿನ ಗೋಡೆಯ ಮೇಲೆ ಒಂದು ಕೆಂಪು ಗೆರೆಯಿದೆ: ಎಪ್ಪತ್ಮೂರರಲ್ಲಿ ನೀರು ಬಂದ ಗುರುತು. ಹೊಸಬರು ಯಾರೇ ಬಂದರೂ ಅದರ ಪಕ್ಕದಲ್ಲಿ ನಿಲ್ಲಿಸಿ "ನೋಡಪ್ಪಾ, ಇಷ್ಟು ನೀರು ಕುಡಿದ ಊರು ಇದು" ಎನ್ನುತ್ತಾರೆ. ಆ ಗೆರೆಗೆ ಲೋಟ ಎತ್ತಿ ತೋರಿಸದೆ ಮೊದಲ ಗುಟುಕು ಇಳಿಯುವುದಿಲ್ಲ.

ಸಭೆ ಅಗ್ನಿಶಾಮಕದ ಶೆಡ್ಡಿನಲ್ಲಿ ನಡೆಯಿತು. ಬೆಂಕಿ ಗಾಡಿಯನ್ನು ಆಚೆ ನಿಲ್ಲಿಸಿ ಕುರ್ಚಿ ಹಾಕಿದ್ದರು. ಓರಿನ್ ಎದ್ದು ಗುಡುಗಿದ.

"ಈ ನಕ್ಷೆ ಮಾಡಿದೋನು ನದೀನ ಕಂಡಿದ್ದಾನಾ? ಅವರ ಪಟ್ಟಿ ನನ್ನ ಬಾರಿನ ಗೆರೆಗಿಂತ ಎಷ್ಟು ಕೆಳಗಿದೆ ನೋಡಿ! ನಮ್ಮ ನೆರೇನ ಚಿಕ್ಕದು ಮಾಡ್ತಿದ್ದಾರೆ! ಇಂಥ ನಕ್ಷೆಗೆ ನಾನು ಕೈ ಎತ್ತಲ್ಲ."

"ಎತ್ತಲ್ಲ, ಎತ್ತಲ್ಲ," ಎಂದರು ಉಳಿದವರು. ಮಾರ್ಲಿಸಳ ಮುಖ ಬಾಡಿತು. ನನ್ನ ಹಜಾರ ಕಣ್ಣೆದುರೇ ಕೊಚ್ಚಿಕೊಂಡು ಹೋಗುತ್ತಿತ್ತು.

ಆಗ ಪಕ್ಕದಲ್ಲಿದ್ದ ಓಪಲ್ ನನ್ನ ತೋಳು ಜಗ್ಗಿದಳು. "ಲಿಯೋಟಾ, ಆ ಗೆರೆ ಇದೆಯಲ್ಲ..."

"ಬಾಯಿ ಮುಚ್ಕೊಂಡು ಕೂತ್ಕೋ," ಎಂದು ನಾನು ಎದ್ದುನಿಂತೆ. ಎಂಥ ಮಾತು ಬಂತು ನನ್ನ ಬಾಯಿಂದ!

"ಮಹನೀಯರೇ! ನಕ್ಷೆ ಕೆಳಗಿದೆ ಅಂತ ತಾನೆ ನಿಮ್ಮ ಸಿಟ್ಟು? ಹಾಗಾದ್ರೆ ನಿಯಮಾನ ಮೇಲಕ್ಕೆ ಬರೀರಿ! ಸರ್ಕಾರದ ಪಟ್ಟಿ ಯಾಕೆ? ನಮ್ಮ ಕೆಂಪು ಗೆರೆಯಿಂದಲೇ ಲೆಕ್ಕ ಹಾಕಿ! ಅವತ್ತು ದೋಣೀಲಿ ಕೂತು ನೀರು ಕಂಡೋಳು ನಾನು. ಗೆರೆ ಸುಳ್ಳು ಹೇಳಲ್ಲ ಅಂತ ನಾನು ಸಾಕ್ಷಿ ಹೇಳ್ತೀನಿ!"

ಓರಿನ್ ಮಾರ್ಲಿಸಳ ಕಡೆ ತಿರುಗಿದ. "ಹಾಗೆ ಮಾಡ್ಬಹುದಾ?"

"ನಕ್ಷೆಗಿಂತ ಕಡಿಮೆ ಇರಬಾರ್ದು, ಅಷ್ಟೇ. ಜಾಸ್ತಿ ಎಷ್ಟಾದ್ರೂ ಇರಬಹುದು," ಎಂದಳು ಅವಳು, ನಂಬಲಾರದೆ.

ಎಲ್ಲ ಕೈಗಳೂ ಒಟ್ಟಿಗೆ ಮೇಲೆದ್ದವು. ಟೋಪಿಗಳು ಹಾರಿದವು. ಊರಿನ ವಿಮೆ ಉಳಿಯಿತು. ಓರಿನ್ ಬಂದು ನನ್ನ ಕೈ ಕುಲುಕಿ, "ಲಿಯೋಟಾ, ನೀವು ಗಂಡಸಾಗಿದ್ರೆ ಮೇಯರ್ ಮಾಡ್ತಿದ್ವಿ" ಎಂದ. (ಹೆಂಗಸನ್ನೂ ಮಾಡಬಹುದು ಎಂದು ನಾನು ಹೇಳುವಷ್ಟರಲ್ಲಿ ಅವನು ಬಾರಿಗೆ ಹೊರಟುಹೋಗಿದ್ದ.)

ಸಾಲ ಬಂತು. ಮರ ಬಂತು. ಬಡಗಿಯೂ ಬಂದ. ಅವನ ಹಿಂದೆಯೇ ಮಾರ್ಲಿಸ್ ಅಳತೆಯವನನ್ನು ಕರೆದುಕೊಂಡು ಬಂದಳು. ಅವನು ಮುಕ್ಕಾಲಿಯ ಮೇಲಿನ ದುರ್ಬೀನಿನಲ್ಲಿ ಬಾರಿನ ಬಾಗಿಲೊಳಗಿನ ಕೆಂಪು ಗೆರೆ ನೋಡಿದ, ನಮ್ಮ ಹಿತ್ತಲು ನೋಡಿದ, ಹೊಸ ಪಟ್ಟಿ ಕಟ್ಟಿದ. ನಾನು ಬಗ್ಗಿ ಹುಡುಕಿದೆ. ಪಾದದ ಹತ್ತಿರವಿಲ್ಲ. ಮಂಡಿಯ ಹತ್ತಿರವಿಲ್ಲ. ತಲೆಯೆತ್ತಿದರೆ ಅದು ನನ್ನ ಗಲ್ಲದ ನೇರಕ್ಕಿತ್ತು.

"ಇದರ ಮೇಲೆ ಕೋಣೆಯ ನೆಲ ಬರುತ್ತೆ," ಎಂದಳು ಮಾರ್ಲಿಸ್, ಬಹಳ ಮೆಲ್ಲಗೆ.

"ನೆಲಾನಾ? ಛಾವಣಿ ಅಲ್ವಾ?"

"ನೆಲ."

"ಮೆಟ್ಟಿಲು ಹತ್ತಲಾಗದೋಳಿಗೆ ಕಣೇ ಈ ಕೋಣೆ! ಹಲಗೆ ಇಳಿಜಾರು ಮಾಡಿದ್ರೆ?"

ಬಡಗಿ ತಲೆ ಕೆರೆದುಕೊಂಡ. "ಊರುಗೋಲು ಹಿಡಿದೋರು ಹತ್ತೋ ಹಾಗೆ ಇಳಿಜಾರು ಬೇಕಂದ್ರೆ, ಅಮ್ಮಾ, ನಿಮ್ಮ ಹಿತ್ತಲು ದಾಟಿ ಅಂಚೆ ಕಚೇರಿ ಬಾಗಿಲಿಂದ ಶುರು ಮಾಡ್ಬೇಕು."

ಕಿಟಕಿಯಿಂದ ಓಪಲಳ ದನಿ ಬಂತು. "ಎಪ್ಪತ್ಮೂರರಲ್ಲಿ ನೀರು ಅಷ್ಟೆತ್ತರ ಬಂದಿರ್ಲಿಲ್ಲ ಕಣೇ."

"ಗೆರೆ ಇದೆಯಲ್ಲ!"

"ಗೆರೆ ಎಳೆದ ಮೇಲೆ ತಾನೆ, ಮುಂದಿನ ನೆರೆಗೆ ಸಿಗದಿರ್ಲಿ ಅಂತ, ಆ ಬಾರನ್ನ ಇಡಿಯಾಗಿ ಜಾಕಿ ಕೊಟ್ಟು ಮೇಲಕ್ಕೆತ್ತಿದ್ದು? ಕಟ್ಟಡ ಎದ್ದಾಗ ಗೋಡೆ ಜೊತೆ ಗೆರೇನೂ ಎದ್ದಿತು. ಓರಿನ್ ಅದನ್ನ ಕೊಂಡಿದ್ದು ಆಮೇಲೆ, ಅವನಿಗೇನು ಗೊತ್ತು? ನಮ್ಮ ಎಮೆಟ್ಟೇ ಕೆಳಗೆ ಮಲಗಿ ಜಾಕಿ ತಿರುಗಿಸಿದ್ದ. ನೀನು ಎಲ್ಲರಿಗೂ ಸ್ಯಾಂಡ್‌ವಿಚ್ ಹಂಚಿದ್ದೆ."

ನನಗೆ ಎಲ್ಲವೂ ಕಣ್ಣಿಗೆ ಕಟ್ಟಿತು. ಹ್ಯಾಮ್ ಸ್ಯಾಂಡ್‌ವಿಚ್. ಸಾಸಿವೆ ಸ್ವಲ್ಪ ಜಾಸ್ತಿಯಾಗಿತ್ತು. ಎಮೆಟ್‌ನ ನೀಲಿ ಅಂಗಿಯ ಬೆನ್ನಿಗೆ ಗ್ರೀಸು ಮೆತ್ತಿತ್ತು. ಎಲ್ಲ ನೆನಪಿತ್ತು, ಕಟ್ಟಡ ಮೇಲೆದ್ದದ್ದೊಂದನ್ನು ಬಿಟ್ಟು.

"ಸಭೇಲಿ ಯಾಕೆ ಬೊಗಳಲಿಲ್ಲ?"

"ನೀನೇ ಬಾಯಿ ಮುಚ್ಕೋ ಅಂದ್ಯಲ್ಲ. ಮುಚ್ಕೊಂಡೆ."

ನಾನು ಏಪ್ರನ್ ಕೂಡ ಬಿಚ್ಚದೆ ಬಾರಿಗೆ ಓಡಿದೆ. ಗಂಡಸರು ಗೆರೆಯ ಕೆಳಗೆ ಸಾಲಾಗಿ ಕುಳಿತಿದ್ದರು. ಸಂಗತಿ ಹೇಳಿದೆ. ಓರಿನ್ ಲೋಟ ಕೆಳಗಿಟ್ಟ.

"ಲಿಯೋಟಾ, ನೀವು ಎಲ್ಲರೆದುರು ಸಾಕ್ಷಿ ಹೇಳಿದ್ದೀರಿ. ನಿಮ್ಮ ಜ್ಞಾಪಕಶಕ್ತಿಗಿಂತ ಓಪಲಳ ಮಾತು ದೊಡ್ಡದಾ?"

ಏನು ಹೇಳಲಿ? ಹೌದೆಂದರೆ ನಲವತ್ತು ವರ್ಷ ಕಾಪಾಡಿಕೊಂಡ ಹೆಸರು ಹೋಗುತ್ತದೆ, ಇಲ್ಲವೆಂದರೆ ಹಜಾರ ಹೋಗುತ್ತದೆ. ಹೆಸರನ್ನೇ ಆರಿಸಿಕೊಂಡೆ. "ಇಲ್ಲ ಬಿಡು," ಎಂದು ಮನೆಗೆ ಬಂದೆ.

ಮರವನ್ನು ವಾಪಸು ಕಳಿಸುವಂತಿರಲಿಲ್ಲ. ಕೋಣೆ ಎದ್ದಿತು, ಉದ್ದನೆಯ ಮರದ ಕಾಲುಗಳ ಮೇಲೆ, ಕೊಕ್ಕರೆಯ ಹಾಗೆ. ಮೆಟ್ಟಿಲು ಹತ್ತಬಲ್ಲ ಮಂಡಿಗಳು ಮನೆಯಲ್ಲಿ ಒಂದೇ ಜೊತೆ, ಅವು ನನ್ನವು. ಹೀಗೆ ನಾನು ನನ್ನ ಮನೆಯಿಂದ ಮೇಲಕ್ಕೆ ಗಡೀಪಾರಾದೆ. ನನ್ನ ಮಲಗುವ ಕೋಣೆ ಓಪಲಳಿಗೆ ಹೋಯಿತು. ಹಜಾರವನ್ನೂ ಅವಳು ಬಿಡಲಿಲ್ಲ. "ಹಗಲು ಎಲ್ಲಿ ಕೂರ್ಲಿ?" ಎಂದಳು.

ಮೇಲೆ ಮೊದಲ ಬೆಳಿಗ್ಗೆ ಪರದೆ ಸರಿಸಿದವಳು ಅಲ್ಲೇ ನಿಂತುಬಿಟ್ಟೆ. ಏರಿಯ ಆಚೆಗಿನ ನದಿ ಕಂಡಿತು, ದಿಂಬಿಗೆ ತಲೆಯಿಟ್ಟೇ ಕಾಣುವಂತೆ. ದೋಣಿಗಳ ಸಾಲು ಕಂಡಿತು. ಪಾದ್ರಿಯವರ ಹಿತ್ತಲು ಕಂಡಿತು. ಬರ್ನೀಸಳ ಮನೆಯ ಹಿಂಬಾಗಿಲಿನಿಂದ ಓರಿನ್ ಹೊರಬರುವುದು ಕಂಡಿತು! ಅಯ್ಯೋ ಎಂದುಬಿಟ್ಟೆ.

"ಏನು ಕಾಣ್ತಿದೆ? ಏನೇ ಅದು?" ಎಂದು ಕೆಳಗಿನಿಂದ ಓಪಲಳ ಕೂಗು, ಜೊತೆಗೆ ಊರುಗೋಲಿನ ಬಡಿತ.

"ನದಿ."

"ನದಿಗ್ಯಾಕೆ ಅಯ್ಯೋ ಅಂದೆ? ಹೇಳೇ!"

ಅವತ್ತಿನಿಂದ ಬಹುಮಾನದ ಆಟ ನಿಂತಿತು. ಓಪಲ್ ಸೋಫಾವನ್ನು ಮೆಟ್ಟಿಲ ಬುಡಕ್ಕೆ ಎಳೆಸಿಕೊಂಡಳು. ನಾನು ಮೇಲಿಂದ ಹೇಳುವುದು, ಅವಳು ಕೆಳಗಿಂದ ಭಾಷ್ಯ ಬರೆಯುವುದು. ನಾನು ಒಂದು ಕಾರು ಹೇಳಿದರೆ ಅವಳು ಅದಕ್ಕೊಂದು ಸಂಸಾರವನ್ನೇ ಕಟ್ಟಿಬಿಡುತ್ತಿದ್ದಳು. ಜಗಳವೇನೂ ಕಡಿಮೆಯಾಗಲಿಲ್ಲ, ಕೂಗಿ ಆಡಬೇಕಾಗಿ ಬಂತು ಅಷ್ಟೆ. ಹೀಗೇ ಮೂರು ಬೇಸಿಗೆ ನಡೆಯಿತು.

ನಾಲ್ಕನೆಯ ಬೇಸಿಗೆಗೆ ಮೊದಲೇ ಅವಳ ಎದೆ ಕೈಕೊಟ್ಟಿತು. ಆಂಬ್ಯುಲೆನ್ಸ್ ಬಾಗಿಲಿಗೆ ಬಂದು ನಿಂತಿತು. ಅವಳನ್ನು ಮಲಗಿಸಿ ಒಳಗೆ ತಳ್ಳುವಾಗ ನಾನೂ ಹತ್ತಲು ಹೋದೆ. ಅವಳು ಮೂಗಿನ ಮೇಲಿನ ಕೊಳವೆ ಪಕ್ಕಕ್ಕೆ ಸರಿಸಿ ನನ್ನ ಕೈ ತಳ್ಳಿದಳು.

"ನೀನು ಈಗ್ಲೇ ಬರ್ಬೇಡ," ಎಂದಳು. "ಓಡಿ ಮೇಲಕ್ಕೆ ಹೋಗು. ನನ್ನ ಕರ್ಕೊಂಡು ಹೋಗೋದನ್ನ ಯಾರ್ಯಾರು ಪರದೆ ಸರಿಸಿ ನೋಡ್ತಾರೆ ಅಂತ ನೋಡ್ಕೊಂಡು, ಆಮೇಲೆ ಬಂದು ಹೇಳ್ತೀಯಾ?"