ಮೋಟಾರುಗಳ ಉಪವಾಸ

ಸೋಮವಾರ ಬೆಳಿಗ್ಗೆ ಕೆಂಚಣ್ಣನ ಬೋರು ನೀರಿಗೆ ಬದಲು ಗಾಳಿ ಉಗುಳಿತು. ನಡುನಡುವೆ ಒಂದು ಬೊಗಸೆ ಕೆಸರು, ಮುದುಕನ ಕೆಮ್ಮಿನ ಹಾಗೆ. ಉಳ್ಳಾಗಡ್ಡಿ ಗಡ್ಡೆ ಕಟ್ಟುವ ಹೊತ್ತು. ನಾಳೆಯೊಳಗೆ ನೀರು ಹಾಯಿಸದಿದ್ದರೆ ಗಡ್ಡೆ ಗೋಲಿಯಷ್ಟಕ್ಕೇ ನಿಲ್ಲುತ್ತಿತ್ತು.

ಸದ್ದು ಕೇಳಿ ಅಕ್ಕಪಕ್ಕದ ಹೊಲದ ಐವರೂ ಬಂದರು. ಅವರ ಬೋರುಗಳ ಪಾಡೂ ಅದೇ.

"ಇನ್ನೂ ನೂರು ಅಡಿ ಇಳಸು," ಎಂದ ಏಕಾಂತಪ್ಪ.

"ಹೋದ ವರ್ಷ ನೀ ಇಳಿಸಿದ್ದಕ್ಕ ನಂದು ಬತ್ತೈತಿ," ಎಂದ ಕೆಂಚಣ್ಣ.

ಜಗಳ ಬೆಳೆಯುವ ಮೊದಲೇ ಅವರಲ್ಲೇ ಹಿರಿಯರಾದ ಗುರುಪಾದಯ್ಯನವರು ಕೈ ಎತ್ತಿದರು. "ಸೋಮವಾರ ನಾವು ಉಪವಾಸ ಇರ್ತೀವಿ. ಭೂತಾಯಿನ ಮಾತ್ರ ದಿನಾ ಹೀರ್ತೀವಿ. ಇವತ್ತೊಂದಿನ ಮೋಟಾರಿಗೂ ಉಪವಾಸ ಇರಲಿ. ನೀರು ಕೂಡಿಕೊಂತೈತಿ."

ಆರೂ ಜನ ಗಂಗಮ್ಮನ ಕಲ್ಲು ಮುಟ್ಟಿ ಆಣೆ ಮಾಡಿದರು. ಆಮೇಲೆ ಬೇವಿನ ಮರದ ಕೆಳಗೆ, ಹಾಲಿನ ಗಡಿಗೆಯ ಸುತ್ತ ಕುಳಿತ ಬೆಕ್ಕುಗಳ ಹಾಗೆ ಒಬ್ಬರನ್ನೊಬ್ಬರು ಕಾಯುತ್ತ ಕುಳಿತರು.

"ಮಾವಾ, ಎಲ್ಲಿಗೆ ಎದ್ದಿ?" ಎಂದ ಅವರಲ್ಲಿ ಕಿರಿಯವನಾದ ಹುಲಿಗೇಶ.

"ಉಚ್ಚಿಗೂ ನಿನ್ನ ಕೇಳಬೇಕೇನಲೇ?" ಎಂದ ಏಕಾಂತಪ್ಪ.

ಬಿಸಿಲೇರಿತು. ಎಲ್ಲರೂ ಮನೆಗೆ ನಡೆದರು. ಕೆಂಚಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ. ಐದು ಮೋಟಾರು ಸುಮ್ಮನಿವೆ. ನೆಲದ ನೀರೆಲ್ಲ ಈಗ ನನ್ನ ಬೋರಿನ ಕಡೆಗೇ ಬಂದಿರುತ್ತದೆ. ಅರ್ಧ ಗಂಟೆ ಹಾಕಿದರೆ ಯಾರಿಗೆ ನಷ್ಟ? ತಾಯಿಗೆ ತಪ್ಪುಕಾಣಿಕೆ ಹಾಕಿದರಾಯಿತು.

"ಎಲ್ಲಿಗೆ ಹೊಂಟ್ರಿ?" ಎಂದಳು ಹೆಂಡತಿ ಜಂಬಮ್ಮ.

"ಹೊಲದಾಗ ಎತ್ತಿಗೆ ಮೇವು ಹಾಕಾಕ."

"ಎತ್ತು ಇಲ್ಲೇ ಕಟ್ಟೇವಲ್ರಿ."

ಅವನು ಆಗಲೇ ಓಣಿ ದಾಟಿದ್ದ. ಬೇಲಿಯ ಮರೆಯಲ್ಲಿ ಬಗ್ಗಿ ನಡೆದು, ಮೋಟಾರಿನ ಶೆಡ್ಡು ಹೊಕ್ಕು, ಗಂಗಮ್ಮನ ಹೆಸರು ಹೇಳಿ, ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದ. ಪೈಪಿನ ಬಾಯಿಗೆ ತಿಳಿನೀರು ಬಂತು. ಕೆಂಚಣ್ಣ ಕೈಮುಗಿದ. ಮುಗಿದ ಕೈ ಬಿಡುವುದರೊಳಗೆ ಟ್ರಾನ್ಸ್‌ಫಾರ್ಮರ್ ಢಂ ಎಂದು ಸಿಡಿದು ಹೊಗೆ ಎದ್ದಿತು.

ಅವನು ಹೆದರಿ ಶೆಡ್ಡಿನಿಂದ ಹೊರಬಂದ. ಆಚೆಯ ಶೆಡ್ಡಿನಿಂದ ಏಕಾಂತಪ್ಪ ಹೊರಬಂದ. ಈಚೆಯದರಿಂದ ಹುಲಿಗೇಶ. ಮತ್ತಿಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ಕಂಡರು. ಕೊನೆಗೆ, ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿದ್ದ ಗುರುಪಾದಯ್ಯನವರು. ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ದಿನವೂ ಮೂರು ಮೂರರ ಪಾಳಿಯಲ್ಲಿ ಓಡುತ್ತಿದ್ದ ಮೋಟಾರುಗಳು ಉಪವಾಸದ ದಿನ ಆರೂ ಒಟ್ಟಿಗೆ ಹೊರಟಿದ್ದವು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ತೆಲುಗು ಮಾತಿನ ಲೈನ್‌ಮನ್ ಶಿವಕೃಷ್ಣ ಬಂದು ಕಂಬದ ಕಡೆ ತಲೆ ಎತ್ತಿದ. "ಕಾಲಿಪೋಯಿಂದಿ ಅಣ್ಣಾ, ಪೂರ್ತಿ ಸುಟ್ಟೈತಿ. ಆದೋನಿಯಿಂದ ಬೇರೇದು ಬರಬೇಕು. ಎಂಟು ದಿನ."

"ಉಳ್ಳಾಗಡ್ಡಿಗೆ ನಾಳೀಗೆ ನೀರು ಬೇಕಲ್ಲಪ್ಪಾ," ಎಂದ ಕೆಂಚಣ್ಣ.

ಸದ್ದು ಕೇಳಿ ಓಡಿಬಂದಿದ್ದ ಜಂಬಮ್ಮ ಪೈಪಿನ ಮುಂದಿನ ಕಾಲುವೆಯಲ್ಲಿ ಇಂಗುತ್ತಿದ್ದ ನೀರನ್ನು ನೋಡುತ್ತ ಮೆಲ್ಲಗೆ ಹೇಳಿದಳು:

"ಆ ತಾಯಿಗೆ ನೀವು ಒಂದು ದಿನ ಕೊಡಲಿಲ್ಲ. ಆಕಿ ಎಂಟು ತಗೊಂಡಾಳ."