ಕೆಂಪು ಟ್ರೇಗೆ ಬಿದ್ದ ಕೊಕ್ಕರೆ

ಕಚೇರಿಯ ಕಾಗದದ ಮೇಲೆ ಸ್ವಂತ ಕಾದಂಬರಿ ಬರೆಯುವವನು ಕೊನೇಪಕ್ಷ ಅದನ್ನು ಎಲ್ಲಿಟ್ಟೆ ಅಂತಲಾದರೂ ನೆನಪಿಟ್ಟುಕೊಳ್ಳಬೇಕು. ನೀರು ಸರಬರಾಜು ಕಚೇರಿಯ ರವಾನೆ ಗುಮಾಸ್ತನಿಗೆ ಅಷ್ಟೂ ಆಗಲಿಲ್ಲ. ಇಪ್ಪತ್ತೆರಡು ವರ್ಷ ಊರವರ ಪತ್ರಗಳನ್ನೆಲ್ಲ ಸರಿಯಾದ ವಿಳಾಸಕ್ಕೆ ಮುಟ್ಟಿಸಿದ ಮನುಷ್ಯ, ತನ್ನದೇ ಒಂದು ಹಾಳೆಯನ್ನು ಕೆಂಪು ಟ್ರೇಗೆ ಹಾಕಿಬಿಟ್ಟಿದ್ದ.

ಕೆಂಪು ಟ್ರೇ ಮಹಿಮೆ ನಿಮಗೆ ಗೊತ್ತಿಲ್ಲ. ಅದು ಮೇಲಿನಿಂದ ಬರುವ ಸುತ್ತೋಲೆಗಳ ಟ್ರೇ. ಹತ್ತು ಗಂಟೆಗೆ ಅದರಲ್ಲಿ ಏನಿರುತ್ತದೋ ಅದನ್ನು ದಫೇದಾರ ಹತ್ತೂವರೆಗೆ ನೋಟಿಸ್ ಬೋರ್ಡಿಗೆ ಚುಚ್ಚುತ್ತಾನೆ. ಎಲ್ಲರೂ ಓದಿ, ಕೆಳಗೆ ಸಹಿ ಹಾಕಿದ ಮೇಲೇ ಕುರ್ಚಿ. ಏಳು ದಿನ ಅದನ್ನು ಯಾರೂ ಮುಟ್ಟುವಂತಿಲ್ಲ. ಹಿಂದೊಮ್ಮೆ ಯಾರದೋ ಇಸ್ತ್ರಿ ಅಂಗಡಿಯ ಚೀಟಿ ವಾರವಿಡೀ ಅಲ್ಲಿತ್ತು. ಹದಿನಾಲ್ಕು ಜನ ಸಹಿ ಹಾಕಿದ್ದರು.

ಕಾದಂಬರಿಯ ವಿಷಯ ಇಷ್ಟು. ಒಂದು ಕೆರೆ. ಅದಕ್ಕೊಬ್ಬ ಮಹಾನಾಯಕ, ಕೊಕ್ಕರೆ. ಬೆಳಗ್ಗೆ ನಾಲ್ಕು ಮೀನು ನುಂಗುತ್ತದೆ, ಮಧ್ಯಾಹ್ನ ಉಳಿದವಕ್ಕೆ ‘ನಾನಿಲ್ಲದಿದ್ದರೆ ಈ ಕೆರೆ ಬತ್ತಿಹೋಗುತ್ತದೆ’ ಅಂತ ಭಾಷಣ ಬಿಗಿಯುತ್ತದೆ. ಗುಮಾಸ್ತ ಇದನ್ನು ಬರೆದದ್ದು ಸಾಹೇಬರ ಉದ್ದ ಕತ್ತು ನೋಡಿಕೊಂಡೇ. ಎರಡು ವರ್ಷದಿಂದ ಕೊನೆಯ ಅಧ್ಯಾಯ ಮಾತ್ರ ಕೈಗೆ ಸಿಕ್ಕಿರಲಿಲ್ಲ. ಆ ಬಡಪಾಯಿ ಮೀನುಗಳು ಕೊಕ್ಕರೆಯಿಂದ ಪಾರಾಗುವುದು ಹೇಗೆ?

ಸಾಹೇಬರು ಕೇಂದ್ರ ಕಚೇರಿಯ ಸಭೆ ಮುಗಿಸಿ ಅವತ್ತೇ ಬರುವವರಿದ್ದರು. ಬಂದವರು ಬಡ್ತಿ ಪಟ್ಟಿಗೆ ಸಹಿ ಹಾಕುವುದಿತ್ತು. ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು, ನಮ್ಮ ಗುಮಾಸ್ತನದು.

ಹತ್ತೂ ಮುಕ್ಕಾಲಿಗೆ ಅವನು ಬೋರ್ಡು ನೋಡಿದ. ಅಲ್ಲಿ ಚುಚ್ಚಿದ್ದು ಅವನದೇ ಕಾದಂಬರಿಯ ಹಾಳೆ.

‘ಮಹಾನಾಯಕರ ಅಪ್ಪಣೆ. ಒಂದು: ದಿನಾ ಹನ್ನೊಂದು ಗಂಟೆಗೆ ಎಲ್ಲರೂ ಒಂಟಿಕಾಲಿನಲ್ಲಿ ನಿಂತು ನಾಯಕರ ದೂರದೃಷ್ಟಿಯನ್ನು ನೆನೆಯತಕ್ಕದ್ದು. ಎರಡು: ಆಗ ಯಾರೂ ನಗತಕ್ಕದ್ದಲ್ಲ. ಮೂರು: ಕಾಲಿಲ್ಲದವರು ವಿನಾಯಿತಿಗೆ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು.’

ಕೆಳಗೆ ಹದಿಮೂರು ಸಹಿ.

ಗುಮಾಸ್ತ ಕೈ ಚಾಚಿದ್ದೇ ದಫೇದಾರ ಅಡ್ಡ ನಿಂತ. “ಏಳು ದಿನ ಆಗ್ಲಿ ಸ್ವಾಮಿ.”

“ಅದು ಸುತ್ತೋಲೆ ಅಲ್ಲ ಮಾರಾಯ. ತಪ್ಪಿ ಬಂದಿದೆ.”

“ತಪ್ಪಿ ಬಂದಿದೆ ಅಂತ ಒಂದು ಸುತ್ತೋಲೆ ತನ್ನಿ, ಅದನ್ನೂ ಹಚ್ತೀನಿ.”

ಉಗ್ರಾಣದವನು ಆಗಲೇ ಗೋಡೆ ಹಿಡಿದು ಅಭ್ಯಾಸ ಮಾಡುತ್ತಿದ್ದ. “ಏನೇ ಹೇಳಿ, ಮೇಲಿನವರು ಕಾಲಿಲ್ಲದವರನ್ನೂ ಮರೆತಿಲ್ಲ. ಅದು ನಂಗೆ ಹಿಡಿಸ್ತು.”

ಗುಮಾಸ್ತ ಟೈಪಿಸ್ಟ್ ಅಕ್ಕನ ಮೇಜಿನ ಹತ್ತಿರ ಬಗ್ಗಿದ. “ಅಕ್ಕಾ, ಅದನ್ನ ಬರೆದಿದ್ದು ನಾನು. ಅದು ಕೊಕ್ಕರೆ ಹೇಳೋ ಮಾತು, ಮೀನುಗಳಿಗೆ.”

ಅಕ್ಕ ಕನ್ನಡಕ ಸರಿಮಾಡಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಬಡ್ತಿ ಹತ್ರ ಬಂದಾಗ ಎಲ್ಲರಿಗೂ ತಲೆ ಹೀಗೇ ಬಿಸಿಯಾಗುತ್ತಪ್ಪ. ಒಂದ್ಲೋಟ ನೀರು ಕುಡಿ. ಆಮೇಲೆ ಕಾಲೆತ್ತು.”

ಹನ್ನೊಂದು ಹೊಡೆಯಿತು. ಹದಿಮೂರು ಕಾಲು ಮೇಲೆದ್ದವು. ದಫೇದಾರ ಸ್ಟೂಲು ಹಿಡಿದು ನಿಂತ. ಉಗ್ರಾಣದವನು ಗಾಳಿಗೆ ಸಿಕ್ಕಿದ ಬಟ್ಟೆಯ ಹಾಗೆ ತೂಗಾಡುತ್ತಿದ್ದ. ನೆಲದ ಮೇಲೆ ಎರಡೂ ಕಾಲು ಇದ್ದದ್ದು ಅಪ್ಪಣೆ ಬರೆದವನೊಬ್ಬನದೇ.

ಅದೇ ಹೊತ್ತಿಗೆ ಸಾಹೇಬರು ಬಾಗಿಲಲ್ಲಿ.

ಯಾರೂ ಕಾಲಿಳಿಸಲಿಲ್ಲ. ಸಾಹೇಬರು ಎಲ್ಲರನ್ನೂ ನೋಡಿದರು, ಬೋರ್ಡಿಗೆ ಹೋಗಿ ಕತ್ತು ಚಾಚಿ ಓದಿದರು. ಗುಮಾಸ್ತ ಕಣ್ಣು ಮುಚ್ಚಿಕೊಂಡ. ಬಡ್ತಿ ಹಾಗಿರಲಿ, ಕೆಲಸವೂ ಹೋಯಿತು ಅಂದುಕೊಂಡ.

“ಯಾವಾಗ ಬಂತಿದು?”

“ಬೆಳಗ್ಗೆ ಸಾರ್,” ಅಂದ ದಫೇದಾರ. “ಮಹಾನಾಯಕರಿಂದ.”

ಸಾಹೇಬರ ಮುಖ ಬಿಳಿಚಿಕೊಂಡಿತು. ಹಿಂದಿನ ದಿನದ ಸಭೆಯಲ್ಲಿ ಊಟವಾದ ಮೇಲೆ ಒಂದು ಗಂಟೆ ತೂಕಡಿಸಿದ್ದು ಅವರೊಬ್ಬರಿಗೇ ಗೊತ್ತಿತ್ತು. ತೂಕಡಿಸುವಾಗಲೇ ಇದು ತೀರ್ಮಾನವಾಗಿರಬೇಕು ಅಂದುಕೊಂಡರು.

“ಗೊತ್ತು, ಗೊತ್ತು. ಸಭೆಯಲ್ಲಿ ಇದಕ್ಕೆ ಪಟ್ಟು ಹಿಡಿದವನೇ ನಾನು,” ಅಂದವರೇ ಬ್ಯಾಗು ಕೆಳಗಿಟ್ಟು ಬಲಗಾಲು ಎತ್ತಿದರು. ಉದ್ದ ಕತ್ತು, ಚೂಪು ಮೂಗು, ಬಿಳಿ ಅಂಗಿ, ಅರ್ಧ ಮುಚ್ಚಿದ ಕಣ್ಣು. ಮುನ್ನೂರು ಪುಟ ಬರೆದರೂ ಕೊಕ್ಕರೆ ಇಷ್ಟು ಚೆನ್ನಾಗಿ ಬಂದಿರಲಿಲ್ಲ.

ಗುಮಾಸ್ತ ತಡೆದುಕೊಂಡ. ತುಟಿ ಕಚ್ಚಿದ. ಆಗಲಿಲ್ಲ. ಕೊಳಾಯಿಯ ಬಿರಡೆ ಹಾರಿಹೋದ ಹಾಗೆ ನಗು ಚಿಮ್ಮಿತು. ಆ ಸದ್ದಿಗೆ ಸಾಹೇಬರು ತತ್ತರಿಸಿ, ಉಗ್ರಾಣದವನನ್ನು ಹಿಡಿಯಲು ಹೋಗಿ, ಇಬ್ಬರೂ ಕಡತಗಳ ಮೇಲೆ ಕೂತರು.

ಹತ್ತೇ ನಿಮಿಷದಲ್ಲಿ ಮೆಮೋ ಬಂತು. ಸಹಿ ಹಾಕಿಲ್ಲ, ಕಾಲೆತ್ತಿಲ್ಲ, ನಕ್ಕಿದ್ದಾನೆ. ಇಡೀ ಕಚೇರಿಯಲ್ಲಿ ಅಪ್ಪಣೆ ಮೀರಿದವನು ಇವನೊಬ್ಬನೇ. ಬಡ್ತಿ ತಡೆಹಿಡಿಯಲಾಗಿದೆ, ಸಂಜೆಯೊಳಗೆ ಲಿಖಿತ ವಿವರಣೆ ಕೊಡತಕ್ಕದ್ದು.

ಗುಮಾಸ್ತ ಪೆನ್ನು ಹಿಡಿದು ಕೂತ. ವಿವರಣೆ ಅಂತ ಶುರುಮಾಡಿದ್ದು ಎರಡನೇ ಸಾಲಿಗೇ ಕೆರೆಗೆ ಇಳಿಯಿತು. ಮೀನುಗಳು ಹೊಡೆದಾಡಬೇಕಾಗಿರಲಿಲ್ಲ. ಒಂದು ಮೀನು ನಕ್ಕರೆ ಸಾಕಿತ್ತು. ಒಂಟಿಕಾಲಿನಲ್ಲಿ ನಿಂತವನು ಎಷ್ಟು ಹೊತ್ತು ನಿಂತಾನು?

ಅಕ್ಕ ಅದನ್ನು ಟೈಪು ಮಾಡುತ್ತಾ ಮಾಡುತ್ತಾ ನಿಧಾನವಾದಳು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಭುಜ ಕುಲುಕುತ್ತಿತ್ತು.

“ಇದನ್ನ ಸಾಹೇಬರಿಗೆ ಕೊಟ್ರೆ ಬಡ್ತಿ ಈ ಜನ್ಮಕ್ಕಿಲ್ಲ ನಿಂಗೆ.”

“ಗೊತ್ತಕ್ಕ. ಹರಿದುಬಿಡಿ.”

“ಹರಿಯೋದಾ? ಯಾಕೆ?” ಅಕ್ಕ ಹಾಳೆಯ ಅಂಚು ನೇರ ಮಾಡಿ, ಎದ್ದು ಹೋಗಿ, ಕೆಂಪು ಟ್ರೇಯಲ್ಲಿಟ್ಟು ಬಂದಳು. “ಏಳು ದಿನ ಯಾರೂ ಮುಟ್ಟೋ ಹಾಗಿಲ್ಲ. ಸಹಿ ಹಾಕೋಕಾದ್ರೂ ಎಲ್ಲರೂ ಓದ್ಲೇಬೇಕಲ್ಲ.”